ಸೀಟಿ ಊದದ ಕಂಡಕ್ಟರಮ್ಮ

ನನ್ನ ಗಂಡ ಬಸ್ ಡ್ರೈವರ್. ಅವರ ಬಸ್ಸಿಗೆ ಹೊಸ ಕಂಡಕ್ಟರಮ್ಮ ಬಂದಾಗಿನಿಂದ ನನಗೆ ಹೊಟ್ಟೆಕಿಚ್ಚು. ಸುಮ್ಮನೆ ಅಲ್ಲ. ವರ್ಷದಿಂದ ಮುಖ ಗಂಟು ಹಾಕಿಕೊಂಡೇ ಇದ್ದ ಮನುಷ್ಯ ಈಗ ಹಾಡು ಗುನುಗುತ್ತಾ ಶೂ ಹಾಕಿಕೊಳ್ಳುತ್ತಿದ್ದರು. ನಾನು ಆಸೆಯಿಂದ ಕರಿದು ಕಳಿಸಿದ ಆಲೂಗಡ್ಡೆ ಹಾಗೇ ವಾಪಸ್ ಬರುತ್ತಿತ್ತು. ಒಂದು ಸಂಜೆ ಬೇರೆ ಯಾರದೋ ಡಬ್ಬಿ ಬಂತು, ತಳದಲ್ಲಿ ಪಪ್ಪಾಯಿ ಬೀಜ.

"ಯಾರದ್ರೀ ಇದು?"

"ಕಂಡಕ್ಟರಮ್ಮಂದು. ಸುಮ್ನೆ ಕೊಟ್ರು."

ಸುಮ್ಮನೆ ಯಾರಾದರೂ ಇನ್ನೊಬ್ಬಳ ಗಂಡನಿಗೆ ಹಣ್ಣು ಹೆಚ್ಚಿ ಕೊಡುತ್ತಾರೆಯೇ? ಮರುದಿನ ಮಧ್ಯಾಹ್ನ ಕೊನೇ ಸ್ಟಾಪಿಗೇ ಹೋಗಿ ನಿಂತೆ.

ಬಸ್ಸು ನಿಂತಿತ್ತು, ಜನ ಹತ್ತಿ ಕೂತಿದ್ದರು, ಡ್ರೈವರ್ ಸೀಟು ಖಾಲಿ. ಕಂಡಕ್ಟರಮ್ಮ ಸೀಟಿ ಕೈಯಲ್ಲಿ ಹಿಡಿದು ಫುಟ್‌ಬೋರ್ಡಿನ ಮೇಲಿದ್ದಳು. ಒಬ್ಬ ಮುದುಕ ಒಳಗಿಂದ ಕೂಗಾಡುತ್ತಿದ್ದ.

"ತಡ್ಕೊಳ್ಳಿ ತಾತ, ಇಂಜಿನ್ ತಣ್ಣಗಾಗ್ಲಿ," ಎಂದಳು.

ನನ್ನ ಗಂಡನಿಗಾಗಿ ಸುಳ್ಳು ಬೇರೆ! ಮೈಯೆಲ್ಲಾ ಉರಿದು ಹೋಯಿತು. ಹೋಗಿ ಅವಳ ತೋಳು ಹಿಡಿದೆ. "ಎಲ್ಲಿ ನನ್ನ ಗಂಡ?"

ಅವಳು ಸ್ಟಾಪಿನ ಹಿಂದಿದ್ದ ಪಾಯಿಖಾನೆಯನ್ನು ಕಣ್ಣಲ್ಲೇ ತೋರಿಸಿದಳು. "ಮೆಲ್ಲಗೆ ಅಕ್ಕ. ಅವಸರ ಮಾಡಿದ್ರೆ ಮತ್ತೆ ಕಟ್ಕೊಳ್ಳತ್ತೆ."

"ಏನು ಕಟ್ಕೊಳ್ಳೋದು?"

"ಮಲಬದ್ಧತೆ ಅಕ್ಕ. ದಾರೀಲಿ ಇಳಿಯೋಕಾಗಲ್ಲ ಅಂತ ನೀರೇ ಕುಡೀತಿರ್ಲಿಲ್ಲ. ಇಲ್ಲೂ ಟೈಮಿಲ್ಲ ಅಂತ ಅದುಮಿಟ್ಕೊಳ್ಳೋರು. ಹಂಪ್ ಬಂದ್ರೆ ಹಲ್ಲು ಕಚ್ಚೋರು. ಈಗ ನೀರು ಕುಡಿಸ್ತೀನಿ, ಹಣ್ಣು ಕೊಡ್ತೀನಿ. ಆರಾಮಾಗಿ ಹೋಗಿ ಬರೋವರೆಗೂ ಸೀಟಿ ಊದಲ್ಲ."

"ಇದನ್ನೆಲ್ಲ ನಿನ್ನ ಹತ್ರ ಹೇಳಿದ್ರಾ?"

"ಮುಖ ಯಾಕೆ ಹೀಗಿದೆ ಅಂತ ಕೇಳ್ದೆ. ಹೇಳಿದ್ರು."

ಇನ್ನೊಬ್ಬಳ ಸಹವಾಸವಾಗಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಇದಕ್ಕೇನು ಮಾಡಲಿ? ಆ ಗಂಟುಮುಖ ನನ್ನ ಮೇಲಿನ ಸಿಟ್ಟೆಂದು ತಿಳಿದು ನಾನೂ ಮುಖ ಊದಿಸಿಕೊಂಡೆ. ಮಾತು ಬಿಟ್ಟೆ. ಒಲಿಸಿಕೊಳ್ಳಬೇಕೆನಿಸಿದಾಗ ಇನ್ನಷ್ಟು ಆಲೂಗಡ್ಡೆ ಕರಿದೆ. ಏನಾಗಿದೆ ಎಂದು ಮಾತ್ರ ಕೇಳಲಿಲ್ಲ. ನಿನ್ನೆ ಮೊನ್ನೆ ಬಂದವಳು ಕೇಳಿದಳು. ಅವಳ ಮೇಲಿನ ಹೊಟ್ಟೆಕಿಚ್ಚು ಆರುವ ಬದಲು ಇನ್ನೂ ಹೆಚ್ಚಾಯಿತು. ಅವರು ಹೊರಗೆ ಬರುವ ಮೊದಲೇ ಮನೆಯ ದಾರಿ ಹಿಡಿದೆ.

ಸಂಜೆ ಅವರು ಶೂ ಬಿಚ್ಚುವಾಗ ಎದುರಿಗೆ ಕೂತೆ. "ಏನ್ರೀ, ಹೊಟ್ಟೆ ಹೇಗಿದೆ?"

ಅವರು ಕಿವಿಯವರೆಗೂ ಕೆಂಪಾದರು. ಆಮೇಲೆ ನಕ್ಕರು. "ಈಗೆಲ್ಲಾ ಸರಿಹೋಯ್ತು ಬಿಡು."

ನನ್ನ ಜೊತೆ ಅಷ್ಟು ಹಗುರಾಗಿ ಮಾತಾಡಿ ವರ್ಷವಾಗಿತ್ತು. ಆ ನಗುವೂ ಅವಳು ಕೊಟ್ಟದ್ದೇ.