ಅಳೆಯಲು ಬಂದವಳು

ವಿಶ್ವವಿದ್ಯಾಲಯದಿಂದ ಬಂದ ಫರೀಖಾ ಬೆಳಗಿನಿಂದ ಬ್ಯಾಂಕಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಹಣದ ಕಿಟಕಿಯಲ್ಲಿ ಕೂತ ಪ್ರಿಹತಿನಿಗೆ ಸಂಶಯ ಹುಟ್ಟಿದ್ದೇ ಅದರಿಂದ. ಕಡತ ಕೇಳಿದ್ದರೆ ಕೊಡಬಹುದಿತ್ತು. ಮಾಸ್ಕಿನ ಮೇಲಿಂದ ಬರೀ ಕಣ್ಣು ನೆಟ್ಟು ಕೂತವರಿಗೆ ಏನು ಕೊಡುವುದು?

ಸೋಂಕಿನ ಕಾಲದಲ್ಲಿ ಜಿಲ್ಲೆಯ, ಬಡ್ಡಿ ಮುಟ್ಟದ ಶರಿಯಾ ಗ್ರಾಮೀಣ ಬ್ಯಾಂಕುಗಳ ದಕ್ಷತೆ ಅಳೆಯುತ್ತಿದ್ದಾರೆ, ಎಷ್ಟು ಸಿಬ್ಬಂದಿಯಿಂದ ಎಷ್ಟು ಕೆಲಸ ಆಗುತ್ತದೆಂದು ನೋಡುತ್ತಾರೆ ಎಂದಷ್ಟೇ ಮ್ಯಾನೇಜರ್ ಹೇಳಿದ್ದರು. ಪರಾಕನ್ ಪೇಟೆಯ ಈ ಶಾಖೆಗೆ ಎರಡು ಕಿಟಕಿ, ಇಬ್ಬರು ಹೆಂಗಸರು. ಪೇಟೆಯೇ ಅರ್ಧ ಬಾಗಿಲು ಹಾಕಿರುವಾಗ ಇಬ್ಬರೇಕೆ ಎಂದು ಯಾರಿಗಾದರೂ ಅನಿಸೀತು. ಪ್ರಿಹತಿನಿಯ ಗಂಡ ಓಡಿಸುತ್ತಿದ್ದ ಪ್ರವಾಸಿ ಬಸ್ಸು ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ.

"ಒಬ್ಬೊಬ್ಬರ ಜತೆ ಊರ ಕಥೆಯೆಲ್ಲಾ ಹರಟ್ತೀಯಲ್ಲ ಅಕ್ಕ, ಇವತ್ತೊಂದಿನ ನಾಲಿಗೆಗೂ ಮಾಸ್ಕ್ ಹಾಕ್ಕೋ," ಎಂದು ಪಕ್ಕದ ಕಿಟಕಿಯ ನಿಂಗ್ರುಮ್ ಪಿಸುಗುಟ್ಟಿದಳು.

"ನಿಂದು ನೀ ನೋಡ್ಕೋ. ನಿನ್ನ ಉಗುರು ಬಣ್ಣಾನೂ ಬರ್ಕೊಂಡಿರ್ತಾಳೆ."

ತಮಾಷೆಯಾಗಿ ಅಂದರೂ ಪ್ರಿಹತಿನಿ ಅಂದು ಯಾರನ್ನೂ ಎರಡನೇ ಮಾತಿಗೆ ನಿಲ್ಲಿಸಲಿಲ್ಲ. ಗುರುತಿನ ಚೀಟಿ, ಸಹಿ, ಸಲಾಂ.

ಹೊತ್ತೇರಿದ ಮೇಲೆ, ಸೋಯಾ ಹುದುಗಿಸಿ ಮಾಡುವ ಟೆಂಪೆ ಬಿಲ್ಲೆ ಮಾರುವ ಸುಹಾರ್ನಿ ಬಂದರು; ಪೇಟೆಗೆಲ್ಲ ಅವರು 'ಬು', ಅಂದರೆ ಅಮ್ಮ. ಸೋಯಾ ಸಿಪ್ಪೆ ಬಿಡಿಸುವ ಯಂತ್ರವೊಂದನ್ನು ಬ್ಯಾಂಕೇ ಕೊಂಡು, ತನ್ನ ಲಾಭ ಸೇರಿಸಿ, ಕಂತಿನ ಮೇಲೆ ಅವರಿಗೆ ಮಾರಿತ್ತು. ಪ್ಲಾಸ್ಟಿಕ್ ಪರದೆಯ ಕೆಳಗಿಂದ ಅವರು ಬಾಳೆಲೆಯ ಪೊಟ್ಟಣವೊಂದನ್ನು ಒಳಗೆ ತಳ್ಳಿದರು. ಇನ್ನೂ ಬಿಸಿಯಿತ್ತು.

"ಮಗ ಹೇಗಿದಾನೆ ಮಗಳೇ? ಸ್ಕೂಲು ಇನ್ನೂ ಫೋನಲ್ಲೇನಾ?"

"ಹೂಂ, ಬು. ಕಂತು ಕಟ್ಟೋಕೆ ಬಂದ್ರಾ?"

"ಸೋಯಾ ರೇಟು ಕೇಳಿದೀಯಾ? ನನ್ನ ಟೆಂಪೆ ದಿನಾ ತೆಳ್ಳಗಾಗ್ತಿದೆ. ಇದು ಟೆಂಪೆನೋ ಎಟಿಎಂ ಕಾರ್ಡೋ ಅಂತ ಜನ ಆಡ್ಕೋತಾರೆ."

ಬೇರೆ ದಿನವಾಗಿದ್ದರೆ ಪ್ರಿಹತಿನಿ ನಕ್ಕು, ಅವರ ಗಂಡನ ಉಬ್ಬಸ ವಿಚಾರಿಸಿ, ಮಾತನ್ನು ಎಳೆಯುತ್ತಿದ್ದಳು. ಆ ಹರಟೆಯ ಕೊನೆಗೆ ಕಷ್ಟ ತಾನಾಗಿ ಹೊರಬರುತ್ತಿತ್ತು. ಕಂತು ತಪ್ಪುವ ಮೊದಲೇ ಅವಧಿ ಹಿಗ್ಗಿಸಿಕೊಡಬಹುದಿತ್ತು. ಆದರೆ ಬೆಂಚಿನ ಮೇಲೆ ಫರೀಖಾಳ ಪೆನ್ನು ಅಲುಗಿತು.

"ಕಟ್ಟೋದಾ, ತೆಗೆಯೋದಾ, ಬು? ಹಿಂದೆ ಜನ ಕಾಯ್ತಿದಾರೆ."

ಸುಹಾರ್ನಿ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ಏನಿಲ್ಲಮ್ಮ. ಹೀಗೇ ಹೋಗ್ತಿದ್ದೆ, ನೋಡ್ಕೊಂಡು ಹೋಗೋಣ ಅಂತ ಬಂದೆ."

ಹೀಗೇ ಹೋಗುವವರು ಬಿಸಿ ಪೊಟ್ಟಣ ಕಟ್ಟಿಕೊಂಡು ಬರುವುದಿಲ್ಲ. ಅದು ಪ್ರಿಹತಿನಿಗೆ ಹೊಳೆಯುವಷ್ಟರಲ್ಲಿ ಅವರು ರಸ್ತೆ ದಾಟಿದ್ದರು.

ಆಚೆ ಬದಿಯಲ್ಲಿ ಕೈಸಾಲ ಕೊಡುವ ಬಡ್ಡಿಯವನು ಬೈಕಿಗೆ ಒರಗಿ ನಿಂತಿದ್ದ. ಈಗ ಅವನು ದಿನವೂ ಅಲ್ಲೇ ನಿಲ್ಲುತ್ತಿದ್ದ, ಬ್ಯಾಂಕಿನಿಂದ ಹೊರಬರುವವರ ಮುಖ ಓದುತ್ತಾ. ಸುಹಾರ್ನಿಯನ್ನು ಕಂಡು ಹೆಲ್ಮೆಟ್ ತೆಗೆದ, ಸೊಂಟ ಬಗ್ಗಿಸಿ ಏನೋ ಕೇಳಿದ. ಅವರು ನಿಂತರು. ಅವನಿಗೆ ಅವಸರವಿರಲಿಲ್ಲ, ತಲೆದೂಗುತ್ತಾ ಕೇಳಿಸಿಕೊಳ್ಳುತ್ತಿದ್ದ.

ಪ್ರಿಹತಿನಿ ಕಿಟಕಿಗೆ ಫಲಕ ಅಡ್ಡವಿಟ್ಟು ಎದ್ದಳು.

"ಅಕ್ಕ, ಹುಚ್ಚು ಹಿಡಿದಿದೆಯಾ ನಿಂಗೆ?" ಎಂದಳು ನಿಂಗ್ರುಮ್.

"ಕಿಟಕಿ ಮುಚ್ಚಿ ಎಲ್ಲಿಗೆ ಹೊರಟ್ರಿ?" ಫರೀಖಾ ಬೆಂಚಿನಿಂದ ಕೇಳಿದಳು. ಬೆಳಗಿನಿಂದ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಹರಟೋಕೆ."

"ಕೆಲಸದ ಹೊತ್ತಲ್ಲೇ?"

"ಹೌದು. ಬರ್ಕೊಳ್ಳಿ."

ಅವಳು ರಸ್ತೆ ದಾಟಿದಳು. ಬಡ್ಡಿಯವನು ಆಗಲೇ ಜೇಬಿಗೆ ಕೈ ಹಾಕಿದ್ದ.

"ಬು, ಕೇಳೋದೇ ಮರೆತೆ," ಎಂದಳು ಪ್ರಿಹತಿನಿ. "ಯಜಮಾನ್ರ ಉಬ್ಬಸ ಹೇಗಿದೆ?"

ಸುಹಾರ್ನಿ ಬೈಕನ್ನು ನೋಡಿದರು, ಇವಳನ್ನು ನೋಡಿದರು. ಪ್ರಿಹತಿನಿ ಕಾದಳು.

"ಮಲಗೋಕೇ ಆಗ್ತಿಲ್ಲ ಮಗಳೇ," ಎಂದರು ಕೊನೆಗೆ. "ಕೂತ್ಕೊಂಡೇ ನಿದ್ದೆ ಮಾಡ್ತಾರೆ. ಔಷಧಿಗೇ ಎಲ್ಲಾ..."

"ಬನ್ನಿ, ನೆರಳಿಗೆ ಹೋಗೋಣ."

ಬೆನ್ನ ಹಿಂದೆ ಬ್ಯಾಂಕಿನ ಬಾಗಿಲು ತೆರೆದ ಸದ್ದಾಯಿತು. ಯಾರೋ ಹೊರಗೆ ಬಂದು ನಿಂತರು. ಪ್ರಿಹತಿನಿ ತಿರುಗಿ ನೋಡಲಿಲ್ಲ. ಹರಟೆ ಈಗಷ್ಟೇ ಶುರುವಾಗಿತ್ತು, ಕಂತಿನ ಮಾತಿಗೆ ಬರಲು ಇನ್ನೂ ಹೊತ್ತಿತ್ತು.