ಎಡಗಡೆಯ ಚಕ್ರ

ನಟ್ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳಬಾರದಿತ್ತು.

ಸೊಹೈಮಿ ಒಂದು ಕಾಲನ್ನು ಮನೆಯ ಕಂಬಕ್ಕೆ ಒತ್ತಿಕೊಂಡು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿದ್ದ. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ಹಲಗೆ ನೆಲದ ಅಡಿಯ ನೆರಳಿನಲ್ಲಿ, ಹನ್ನೊಂದು ವರ್ಷ ನಿಂತಿದ್ದ ಕಾರು. ತೈಪಿಂಗ್ ಊರಿನ ಮಳೆಗೆ ಹನ್ನೊಂದು ತಿಂಗಳು ನಿಂತರೂ ನಟ್ಟಿಗೂ ಬೋಲ್ಟಿಗೂ ತುಕ್ಕಿನ ಬೆಸುಗೆ ಬೀಳುತ್ತದೆ. ಆದರೆ ಎಡಗಡೆ ಚಕ್ರದ ಆ ನಟ್ ಕಿರ್ ಎನ್ನದೆ ತಿರುಗಿತು. ಅವನು ಹಿಂದಕ್ಕೆ ಮಗುಚಿ ಬಿದ್ದು ಸೀಮೆಎಣ್ಣೆಯ ಬೋಗುಣಿಯನ್ನು ಒದ್ದ.

ತಲೆಯ ಮೇಲೆ ಹಲಗೆಗಳ ಮೇಲಿನ ನಡಿಗೆ ನಿಂತಿತು.

"ಏನೋ ಅದು ಮಿ? ಬಿದ್ಯಾ?" ಅತ್ತಿಗೆ ರಫೇಯಾಳ ದನಿ.

"ಏನಿಲ್ಲ ಕಾಕ್ ಲೋಂಗ್. ನಟ್ ಬಂತು." ಹಿರಿಯಣ್ಣ ಅವನಿಗೆ ಅಬಾಂಗ್ ಲೋಂಗ್, ಹಿರಿಯತ್ತಿಗೆ ಕಾಕ್ ಲೋಂಗ್.

"ನಟ್ ಬಂದ್ರೆ ಯಾರಾದ್ರೂ ಹಾಗೆ ಬೀಳ್ತಾರಾ? ಆ ಕಾರಿಂದ ಇನ್ನೊಂದು ಹೆಣ ಎತ್ತೋಕೆ ನನಗೆ ಶಕ್ತಿ ಇಲ್ಲಪ್ಪ."

ಅವಳು ಮಾತಾಡುವುದೇ ಹಾಗೆ. ಅಣ್ಣ ದಾರ್ವಿಸ್ ತೀರಿಕೊಂಡು ಎರಡು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಕಾಲು ತಿಂದು ಆಮೇಲೆ ಮೂತ್ರಪಿಂಡ ತಿಂದಿತ್ತು. ನಲವತ್ತನೆಯ ದಿನದ ಊಟ ಮುಗಿದ ಮಾರನೆಯ ದಿನವೇ ರಫೇಯಾ ಸೊಹೈಮಿಗೆ ಹೇಳಿ ಕಳಿಸಿದ್ದಳು: ಕಾರು ಮನೆಯಡಿಯಿಂದ ಹೋಗಬೇಕು. ಹಳೆಯ ಕಾರುಗಳ ಹುಚ್ಚಿನ ಈಪೋದ ಸಾಹೇಬರೊಬ್ಬರು ತೆಗೆದುಕೊಳ್ಳಲು ಒಪ್ಪಿದ್ದರು. ಮುಂದಿನ ಸಸ್ಪೆನ್ಶನ್ ಪೂರಾ ಬಿಚ್ಚಿ ತೊಳೆದಿಡಿ, ಯಾವ ಭಾಗ ಉಳಿದಿದೆ, ಯಾವುದು ತರಿಸಬೇಕು ನೋಡೋಣ ಎಂದಿದ್ದರು. ಶನಿವಾರ ಲಾರಿ ಬರುವುದಿತ್ತು.

ಸೊಹೈಮಿ ಎದ್ದು ಕೂತು ನಟ್ಟನ್ನು ಬೆಳಕಿಗೆ ಹಿಡಿದ. ಅದರ ಒಳಗಿನ ಥ್ರೆಡ್ಡಿಗೆ ಯಾರೋ ಎಣ್ಣೆ ಸವರಿದ್ದರು. ಮೇಲಿನ ಜಾಯಿಂಟಿನಲ್ಲಿ ಪಿನ್ ಇರಬೇಕಾದ ತೂತಿಗೆ ತಾಮ್ರದ ತಂತಿ ಸುತ್ತಿತ್ತು. ಮೂರು ಸುತ್ತು, ತುದಿಯನ್ನು ಅಚ್ಚುಕಟ್ಟಾಗಿ ಒಳಕ್ಕೆ ಮಡಚಿತ್ತು. ಯಾವ ಮೆಕ್ಯಾನಿಕ್ಕನೂ ಹಾಗೆ ಮಾಡುವುದಿಲ್ಲ.

"ಕೊನೆಗೂ ಬಿಚ್ತಾ ಇದೀಯಾ?" ಪಕ್ಕದ ಮನೆಯ ಮುದುಕ ಪಾಕ್ ಸೆಮಾನ್ ಸೈಕಲ್ಲನ್ನು ರಂಬುತಾನ್ ಮರಕ್ಕೆ ಒರಗಿಸಿ ಬಗ್ಗಿ ನೋಡಿದ. "ನಿಮ್ಮಣ್ಣ ಕಾರು ಓಡಿಸ್ತಿರಲಿಲ್ಲ ಕಣಯ್ಯ, ಹಾರಿಸ್ತಿದ್ದ. ಆ ಹಾರನ್ ಕೇಳಿದ್ರೆ ನಮ್ಮ ಮನೆ ಕೋಳಿಗಳೆಲ್ಲ ಮರ ಹತ್ತೋವು."

"ನಿಮ್ಮ ಕೋಳಿಗಳು ನಿಮ್ಮ ಹಾಡು ಕೇಳಿ ಹತ್ತಿರಬೇಕು. ಸತ್ತವರ ವಿಷಯ ಬಿಡಿ."

"ನಾನೆಲ್ಲಿ ಬೈದೆ? ಮಸೀದೀಲಿ ಇಮಾಮರ ಎದುರಿಗೆ ಅವನೇ ಹೇಳಿದ್ದು. ವೇಗವಾಗಿ ಹೋದೆ, ನನ್ನ ಮಗನನ್ನ ನಾನೇ ಕೊಂದೆ ಅಂತ. ನಾನೂ ಇದ್ನಲ್ಲ." ಮುದುಕ ಸೈಕಲ್ ಎತ್ತಿಕೊಂಡ. "ಒಪ್ಪಿಕೊಳ್ಳೋಕೂ ಗಂಡೆದೆ ಬೇಕು. ಇಂಗ್ಲಿಷ್ ಮೇಷ್ಟ್ರು ಅಂದ್ರೆ ಸುಮ್ನೇನಾ."

ಅವನು ಹೋದ ಮೇಲೆ ಸೊಹೈಮಿ ಕೆಲಸಕ್ಕೆ ಕೈಯಿಟ್ಟ. ಆ ಕಾರಿನ ಮುಂದಿನ ಚಕ್ರವನ್ನು ಉಕ್ಕಿನ ಒಂದು ಕಾಲು ಹೊತ್ತಿರುತ್ತದೆ. ಕಾಲಿನ ಕೆಳತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ತಿರುಪು. ಅದು ಮುಷ್ಟಿಗಾತ್ರದ ಕಂಚಿನ ಗಟ್ಟಿಯೊಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಕಂಚಿನೊಳಗೆ ತಿರುಗಬೇಕು. ಎಡಗಡೆಯದು ತಿರುಪಿನ ಮಧ್ಯದಲ್ಲೇ ಮುರಿದಿತ್ತು. ಹನ್ನೊಂದು ವರ್ಷದ ಹಿಂದೆ ಭತ್ತದ ಗದ್ದೆಗಳ ಪಕ್ಕದ ತಿರುವಿನಲ್ಲಿ ಕಾರು ಕಾಲುವೆಗೆ ಉರುಳಿದಾಗ ಕಲ್ಲಿಗೆ ಬಡಿದು ಮುರಿದಿದೆ ಎಂದು ಪೊಲೀಸರು ಹೇಳಿದ್ದರು; ಸೊಹೈಮಿಯೂ ಹಾಗೇ ಅಂದುಕೊಂಡಿದ್ದ. ಎಡಗಡೆಯ ಸೀಟಿನಲ್ಲಿ ಕೂತಿದ್ದ ಅಣ್ಣನ ಮಗ, ಒಂಬತ್ತು ವರ್ಷದ ಇಖ್ಮಾಲ್ ನೀರಿನಡಿಯಲ್ಲೇ ಹೋಗಿದ್ದ. ದಾರ್ವಿಸನಿಗೆ ಒಂದು ಪಕ್ಕೆಲುಬು ಮುರಿದಿತ್ತು, ಅಷ್ಟೆ.

ಉದ್ದನೆಯ ಬೋಲ್ಟು ಸುತ್ತಿಗೆಯ ಎರಡು ಏಟಿಗೆ ಜಾರಿ ಹೊರಬಂತು. ಅದನ್ನು ಹಿಂದುಮುಂದಾಗಿ ಹಾಕಲಾಗಿತ್ತು. ಕಂಚಿನ ಗಟ್ಟಿಯನ್ನು ಕೈಗೆ ತೆಗೆದುಕೊಂಡು ಬೆರಳು ಹಾಕಿ ನೋಡಿದ. ಒಳಗೆ ಮುರಿದ ಉಕ್ಕಿನ ತುಂಡು ಹಾಗೇ ಇತ್ತು. ಆದರೆ ಸುತ್ತ ಒಂದು ಚೂರು ಗ್ರೀಸಿಲ್ಲ, ಕೆಸರಿಲ್ಲ. ಉಂಡು ತೊಳೆದಿಟ್ಟ ತಟ್ಟೆಯ ಹಾಗೆ ಶುಚಿಯಾಗಿತ್ತು. ಕಾಲುವೆಯಲ್ಲಿ ಒಂದು ಹಗಲು ಬಿದ್ದಿದ್ದ ಕಾರಿನ ಭಾಗ ತಾನಾಗಿ ಹೀಗಿರಲು ಸಾಧ್ಯವಿರಲಿಲ್ಲ.

ಬಲಗಡೆಯ ಚಕ್ರ ಇರಬೇಕಾದ ಹಾಗೇ ಇತ್ತು. ಮೊದಲು ಕೆಸರು, ಆಮೇಲೆ ಕಣಜದ ಗೂಡು, ಆಮೇಲೆ ತುಕ್ಕು. ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಹೊಯ್ದು, ಕಾಯಿಸಿ, ಬಡಿದು ಅವನು ಎರಡು ತಾಸು ಗುದ್ದಾಡಿದ. ಬ್ರೇಕ್ ಡ್ರಮ್ಮು ಬಂತು, ಷಾಕ್ ಅಬ್ಸಾರ್ಬರಿನೊಂದಿಗೆ ಸ್ಪ್ರಿಂಗ್ ಬಂತು, ಸ್ಟೀರಿಂಗಿನ ಸರಳು ಚಕ್ರದ ಕಡೆಯ ತುದಿಯಲ್ಲಿ ಕಳಚಿಕೊಂಡಿತು. ಕೆಳಗಿನ ಬೋಲ್ಟನ್ನು ಗರಗಸದಿಂದಲೇ ಕೊಯ್ಯಬೇಕಾಯಿತು. ಹೊಡೆತದ ಸದ್ದಿಗೆ ಮೇಲಿನಿಂದ ಧೂಳು ಉದುರಿದಾಗ ರಫೇಯಾ "ಮನೇನೂ ಬಿಚ್ಚಿ ಕಳಿಸ್ತೀಯೇನೋ ಈಪೋಗೆ?" ಎಂದು ಕೂಗಿದಳು. ಅವನು ನಕ್ಕ. ಉಕ್ಕಿನ ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕಂಚಿನ ಗಟ್ಟಿಯನ್ನು ತಿರುಗಿಸತೊಡಗಿದ. ಬಿಗಿ ಬಿಗಿಯಾಗಿ, ಕರಕರ ಸದ್ದು ಮಾಡುತ್ತ, ಅದು ಕಳಚಿ ಬಂತು.

ಒಳಗೆ ಹಸಿರು ಗ್ರೀಸಿತ್ತು.

ಮೇಲ್ಪದರ ಮಾತ್ರ ಹಸಿರು. ಕೆಳಗೆ ಅದು ಒಣಗಿ ಹಳೆಯ ಸೋಪಿನಂತೆ ಗಟ್ಟಿಯಾಗಿ ದಾರಿ ಮುಚ್ಚಿತ್ತು. ಅದಕ್ಕೂ ಕೆಳಗೆ, ಏನೂ ತಲುಪದ ಜಾಗದಲ್ಲಿ, ನೀರು ನಿಂತು ತಿರುಪನ್ನು ತಿಂದಿತ್ತು. ಥ್ರೆಡ್ಡಿನ ಸುತ್ತ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಬಿರುಕು. ಎಡಗಡೆಯದು ಎಲ್ಲಿ ಮುರಿದಿತ್ತೋ ಸರಿಯಾಗಿ ಅದೇ ಎತ್ತರದಲ್ಲಿ.

ಮೀನುದೋಣಿಗಳ ಇಂಜಿನ್ನಿಗೆ ಹಾಕುವ ಆ ಹಸಿರು ಗ್ರೀಸನ್ನು ಕುವಾಲಾ ಸೆಪೆತಾಂಗಿನಿಂದ ಡಬ್ಬಿಗಟ್ಟಲೆ ತಂದು ಕಾರಿಗೆ ಹಾಕುತ್ತಿದ್ದವನು ಇಡೀ ತೈಪಿಂಗಿನಲ್ಲಿ ಸೊಹೈಮಿ ಒಬ್ಬನೇ. ಅದು ಅವನ ಹೆಮ್ಮೆಯಾಗಿತ್ತು. ಆರು ವರ್ಷ, ತಿಂಗಳಿಗೊಂದು ಶುಕ್ರವಾರ, ಅಣ್ಣನ ಕಾರಿನ ಅಡಿ ಮಲಗಿ ಗ್ರೀಸ್ ಗನ್ ಒತ್ತಿದ್ದ. ಅಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದ. ಒಂದು ಶುಕ್ರವಾರ ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಿದ್ದ.

"ಮಿ, ಈ ಕಂಚಿನ ಗಟ್ಟಿಗೆ ಗ್ರೀಸ್ ಹಾಕಬಾರದಂತೆ ಕಣೋ. ಗೇರ್ ಆಯಿಲ್ ಹಾಕಬೇಕಂತೆ. ದಪ್ಪ ಅಕ್ಷರದಲ್ಲಿ ಬರೆದಿದಾನೆ."

"ಅಬಾಂಗ್ ಲೋಂಗ್, ಆ ಪುಸ್ತಕ ಬರೆದವನು ಚಳಿ ದೇಶದವನು. ಅವನು ನಮ್ಮ ಮಳೆ ನೋಡಿದಾನಾ? ಆಯಿಲ್ ಹಾಕಿದ್ರೆ ಎರಡು ದಿನಕ್ಕೆ ಸೋರಿಹೋಗತ್ತೆ. ಗ್ರೀಸ್ ಆದ್ರೆ ನಿಲ್ಲತ್ತೆ. ಸಮುದ್ರದಲ್ಲೇ ನಿಲ್ಲತ್ತೆ, ರಸ್ತೇಲಿ ನಿಲ್ಲಲ್ವಾ? ನೀವು ಮಕ್ಕಳಿಗೆ ಪಾಠ ಹೇಳಿ, ನಾನು ಹೇಳಿಕೊಡಕ್ಕೆ ಬರ್ತೀನಾ?"

ಅಣ್ಣ ನಕ್ಕು ಪುಸ್ತಕ ಮುಚ್ಚಿದ್ದ. "ಆಯ್ತಪ್ಪ, ಮೆಕ್ಯಾನಿಕ್ ನೀನು."

ಸೊಹೈಮಿ ಕಂಬಕ್ಕೆ ಬೆನ್ನು ಕೊಟ್ಟು ಕೂತ. ಒಂದೊಂದಾಗಿ ಎಲ್ಲ ಸೇರಿಕೊಂಡಿತು. ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ: ನಾನು ನಿಧಾನವಾಗೇ ಹೋಗ್ತಿದ್ದೆ, ತಿರುವಿನಲ್ಲಿ ಚಕ್ರ ತಾನೇ ಮಡಚಿಕೊಂಡಿತು. ಯಾರೂ ನಂಬಿರಲಿಲ್ಲ. ಹುಡುಗನ ನಲವತ್ತು ಕಳೆದ ಮೇಲೆ ಒಂದು ದಿನ ಅಣ್ಣ ಆ ಮಾತು ನಿಲ್ಲಿಸಿಬಿಟ್ಟ. ಹೌದು, ವೇಗವಾಗಿ ಹೋದೆ ಎಂದು ಮಸೀದಿಯಲ್ಲಿ ಒಪ್ಪಿಕೊಂಡ. ಕಾರನ್ನು ಶೆಡ್ಡಿಗೆ ಒಯ್ದು ನೋಡುತ್ತೇನೆ ಎಂದು ಸೊಹೈಮಿ ಕೇಳಿದಾಗ, "ಆ ಕಾರಿಗೆ ನೀನು ಕೈ ಹಚ್ಚಬೇಡ" ಎಂದು ಗದರಿದ್ದ. ಅಣ್ಣನಿಗೆ ತನ್ನ ಮುಖ ಕಂಡರೆ ಆಗುವುದಿಲ್ಲ ಎಂದು ಸೊಹೈಮಿ ಅಂದುಕೊಂಡಿದ್ದ. ಅದಕ್ಕೇ ತಾನು ಹಬ್ಬಕ್ಕೆ ಬಂದರೂ ಮೆಟ್ಟಿಲ ಬಳಿಯೇ ನಿಂತು ಹೋಗುತ್ತಿದ್ದ.

ತಾಮ್ರದ ತಂತಿ. ಹಿಂದುಮುಂದಾದ ಬೋಲ್ಟು. ಸ್ಪ್ಯಾನರ್ ಕೊಟ್ಟು ಕೊಟ್ಟು ಅರ್ಧಂಬರ್ಧ ಕೆಲಸ ಕಲಿತ ಮೇಷ್ಟರೊಬ್ಬರು ಬಿಚ್ಚಿ, ನೋಡಿ, ಹಸಿರು ಗ್ರೀಸನ್ನೆಲ್ಲ ತೊಳೆದು, ಯಾರಿಗೂ ತಿಳಿಯದಂತೆ ಮತ್ತೆ ಜೋಡಿಸಿಟ್ಟಿದ್ದರು. ಬಲಗಡೆ ಮುರಿದಿರಲಿಲ್ಲವಾದ್ದರಿಂದ ಅದನ್ನು ಮುಟ್ಟಿರಲಿಲ್ಲ.

ಬೋಗುಣಿಯಲ್ಲಿ ಇನ್ನೂ ಸೀಮೆಎಣ್ಣೆಯಿತ್ತು. ಬ್ರಷ್ ಕೈಯಲ್ಲೇ ಇತ್ತು. ಐದು ನಿಮಿಷ ಉಜ್ಜಿದರೆ ಇದೂ ಶುಚಿಯಾಗುತ್ತಿತ್ತು. ಶನಿವಾರ ಲಾರಿ ಬರುತ್ತಿತ್ತು. ಅವನು ಬ್ರಷ್ಷನ್ನು ಅದ್ದಿದ. ತೆಗೆದ. ಮತ್ತೆ ಅದ್ದಿದ.

"ಕಾಫಿ ಆರಿಹೋಗತ್ತೆ." ರಫೇಯಾ ಮೆಟ್ಟಿಲಿಳಿದು ಬಂದಿದ್ದಳು. ಒಂದು ಕೈಯಲ್ಲಿ ಕರಿ ಕಾಫಿ, ಇನ್ನೊಂದರಲ್ಲಿ ಕರಿದ ಬಾಳೆಹಣ್ಣಿನ ತಟ್ಟೆ. "ಏನಾಯ್ತೋ? ಮುಖ ಯಾಕೆ ಹಾಗಿದೆ?"

"ಕೂತ್ಕೊಳ್ಳಿ ಕಾಕ್ ಲೋಂಗ್."

"ನಿಂತೇ ಕೇಳ್ತೀನಿ. ಹೇಳು."

ಅವನು ಹೇಳಿದ. ಸುತ್ತಿ ಬಳಸಲಿಲ್ಲ. ಎರಡು ಗಟ್ಟಿಗಳನ್ನೂ ಅಕ್ಕಪಕ್ಕ ಗೋಣಿಯ ಮೇಲಿಟ್ಟು, ಇದು ಎಡ, ಇದು ಬಲ ಎಂದು ತೋರಿಸಿದ. ಪುಸ್ತಕದ ವಿಷಯ ಹೇಳಿದ. ಅಬಾಂಗ್ ಲೋಂಗ್ ವೇಗವಾಗಿ ಹೋಗಿರಲಿಲ್ಲ ಎಂದ. ಅದನ್ನು ಎರಡು ಸಲ ಹೇಳಿದ.

"ಸುಳ್ಳು," ಎಂದಳು ರಫೇಯಾ. "ಅವರೇ ಹೇಳಿದ್ರು. ನಾನು ಕೇಳ್ದೆ, ಹುಡುಗನ ಅಂಗಿ ಕೈಯಲ್ಲಿ ಹಿಡ್ಕೊಂಡು ಕೇಳ್ದೆ. ಹೌದು ಅಂದ್ರು."

"ತೊಳೆದ ಮೇಲೆ ಹೇಳಿರಬೇಕು."

ಅವಳು ಕಾಫಿಯನ್ನೂ ತಟ್ಟೆಯನ್ನೂ ಕಾರಿನ ಬಾನೆಟ್ಟಿನ ಮೇಲಿಟ್ಟಳು. ಬಗ್ಗಿ ಎಡಗಡೆಯ ಗಟ್ಟಿಯನ್ನು ನೋಡಿದಳು.

"ಒಂದಿನ ಗೋರಿ ಹತ್ರದಿಂದ ಬಂದೆ," ಎಂದಳು. "ಇಲ್ಲೇ ಕೂತಿದ್ರು, ಈ ಕಲ್ಲಿನ ಮೇಲೆ. ಪಕ್ಕೆಗೆ ಇನ್ನೂ ಪಟ್ಟಿ ಇತ್ತು. ಕೈಯೆಲ್ಲ ಸೀಮೆಎಣ್ಣೆ ವಾಸನೆ. ಮಗನ ಗೋರಿ ಮಣ್ಣು ಒಣಗಿಲ್ಲ, ನಿಮಗೆ ಕಾರಿನ ಆಟ ಬೇಕಾ ಅಂದೆ. ತಲೆ ಎತ್ತಲಿಲ್ಲ. ಆಮೇಲೆ ಹನ್ನೊಂದು ವರ್ಷ ಅವರ ಕೈಗೆ ನಾನು ಒಂದು ಲೋಟ ನೀರು ಕೊಡಲಿಲ್ಲ, ಮಿ. ಮೇಜಿನ ಮೇಲೆ ಇಟ್ಟು ಹೋಗ್ತಿದ್ದೆ. ಕಾಲು ಕತ್ತರಿಸಿದ ಮೇಲೂ ಮೇಜಿನ ಮೇಲೇ ಇಡ್ತಿದ್ದೆ. ತೆವಳಿಕೊಂಡು ಬಂದು ಕುಡೀತಿದ್ರು."

ಸೊಹೈಮಿ ಬ್ರಷ್ಷನ್ನು ಕೆಳಗಿಟ್ಟ. "ನಿಮ್ಮದೇನು ತಪ್ಪಿಲ್ಲ. ನಾನು ಮಾಡಿದ್ದು. ಊರಿಗೆಲ್ಲ ನಾನೇ ಹೇಳ್ತೀನಿ. ಇಮಾಮರಿಗೆ ಹೇಳ್ತೀನಿ, ಪಾಕ್ ಸೆಮಾನ್‌ಗೆ ಹೇಳ್ತೀನಿ."

"ಹೇಳು. ಅವರ ಹೆಸರು ಚೊಕ್ಕ ಆಗ್ಲಿ." ಅವಳು ಅವನ ಕಡೆ ನೋಡಲಿಲ್ಲ. "ಎರಡು ತಿಂಗಳ ಹಿಂದೆ ಬಿಚ್ಚಿದ್ರೆ ಆಗ್ತಿರಲಿಲ್ವಾ? ಅವರು ಹೋಗೋಕೆ ಒಂದೇ ಒಂದು ವಾರ ಮುಂಚೆ?"

"ಕೈ ಹಚ್ಚಬೇಡ ಅಂದಿದ್ರು."

"ಹೂಂ. ಅವರು ಹೇಳಿದ್ದನ್ನ ನಾವಿಬ್ರೂ ನಂಬಿದ್ವಿ."

ಅವಳು ಕಾರಿನ ಬಲಗಡೆಗೆ ಹೋಗಿ ಬಾಗಿಲ ಹಿಡಿಯನ್ನು ಎಳೆದಳು. ತುಕ್ಕು ಹಿಡಿದ ಬಾಗಿಲು ಮೂರನೆಯ ಸಲಕ್ಕೆ ತೆರೆದುಕೊಂಡಿತು.

"ಜೋಪಾನ ಕಾಕ್ ಲೋಂಗ್, ಮುಂದೆ ದಿಮ್ಮಿ ಮೇಲೆ ನಿಂತಿದೆ."

ಅವಳು ತಲೆವಸ್ತ್ರವನ್ನು ಬಿಗಿಮಾಡಿಕೊಂಡು ಒಳಗೆ ಕೂತಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆ ಸೀಟಿನಲ್ಲಿ ಎಂದೂ ಕೂತವಳಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಮುಂದಿನ ಗಾಜಿನಾಚೆ ನೋಡಿದಳು. ಆಮೇಲೆ ನಿಧಾನವಾಗಿ, ತಿರುವಿನಲ್ಲಿ ತಿರುಗಿಸುವಂತೆ, ಎಡಕ್ಕೆ ತಿರುಗಿಸಿದಳು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ.

ಕೆಳಗೆ ಸೊಹೈಮಿಯ ಎದುರಿಗೆ, ಚಕ್ರಗಳನ್ನು ತಿರುಗಿಸಬೇಕಿದ್ದ ಸ್ಟೀರಿಂಗಿನ ಎರಡು ಸರಳುಗಳು ತುದಿಯಲ್ಲಿ ಏನೂ ಇಲ್ಲದೆ, ಒಟ್ಟಿಗೆ ಆ ಕಡೆಗೆ ಸರಿಯುತ್ತಿದ್ದವು, ಒಟ್ಟಿಗೆ ಈ ಕಡೆಗೆ ಸರಿಯುತ್ತಿದ್ದವು.