ನಕ್ಷೆಯಕ್ಕನ ಮೇಲೆ ಅಳಿಯನ ವರದಿ

"ಎರಡು ವರ್ಷ ಓದಿ ಕಲ್ತಿದ್ದು ಇದೇನಾ? 'ಹೇಳೋಕಾಗಲ್ಲ'! ಇದನ್ನ ಹೇಳೋಕೆ ಎಂ.ಎಸ್ಸಿ. ಬೇಕಾ ಅಳಿಯಂದ್ರೇ? ನಮ್ಮ ಕಾವಲುಗಾರನ್ನ ಕೇಳಿದ್ರೂ ಹೇಳ್ತಿದ್ದ, ಹೇಳೋಕಾಗಲ್ಲ ಅಂತ. ಅವನು ಕಾಲೇಜಿನ ಗೇಟೂ ನೋಡಿಲ್ಲ!"

ಮಾವ ವರದಿಯನ್ನು ಮೇಜಿನ ಮೇಲೆ ಎಸೆದರು. ಅದು ಜಾರಿ ಅಳಿಯನ ಕಾಲ ಬುಡದಲ್ಲಿ ಬಿತ್ತು. ಅಳಿಯ ಬಗ್ಗಿ ಎತ್ತಿಕೊಂಡ, ಮೂಲೆ ಮಡಚಿದ್ದನ್ನು ಬೆರಳಿನಿಂದ ನೀವಿ ಸರಿ ಮಾಡಿದ. ಬೈಗುಳಕ್ಕಿಂತ ಆ ಮಡಚಿದ ಮೂಲೆಯೇ ಅವನಿಗೆ ಹೆಚ್ಚು ಚುಚ್ಚಿತು. ಅಂಥ ಮನುಷ್ಯ.

"ಹಾಗಲ್ಲ ಮಾವ. ಯಾಕೆ ಹೇಳೋಕಾಗಲ್ಲ ಅಂತ ಕಾರಣ ಬರ್ದಿದೀನಿ, ಮೂರನೇ ಪುಟದಲ್ಲಿ..."

"ಕಾರಣ ಯಾರಿಗೆ ಬೇಕಯ್ಯಾ? ನನಗೆ ಕಳ್ಳಿ ಬೇಕು!"

'ಅಳಿಯಂದ್ರೇ' ಹೋಗಿ 'ಅಯ್ಯಾ' ಬಂತು. ಇನ್ನು ಸ್ವಲ್ಪ ಹೊತ್ತಿಗೆ 'ಲೋ' ಬರುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ.

ಪೀಠೋಪಕರಣ ಮಾಡಿ ಮಾರುವ ಮಾವನ ಅಂಗಡಿಯ ಹಿಂಬದಿಯ ಆಫೀಸು ಕೋಣೆ ಅದು. ಗಾಜಿನಾಚೆ ಮರ ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಮೇಜು, ಫೋನು, ಮಾವನ ಹುಬ್ಬು, ಎಲ್ಲದರ ಮೇಲೂ ಮರದ ಪುಡಿ. ಕಂಪ್ಯೂಟರಿಗೆ ಮಾತ್ರ ಅತ್ತೆ ಹೊಲಿದುಕೊಟ್ಟ ಹೂವಿನ ಗವಸು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಮಾವನ ಗಂಟಲು ಶಾಶ್ವತವಾಗಿ ಆ ಏರುದನಿಯಲ್ಲೇ ನಿಂತುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಯಾರಿಗೋ ನೋಟಿಸು ಕೊಟ್ಟ ಹಾಗಿರುತ್ತಿತ್ತು.

ಅಳಿಯ ಮಾವನ ಮನೆಯ ಮಹಡಿಯಲ್ಲಿ ಇರುವವನು. ಮೊದಲು ಕೊರಿಯರ್ ಆಫೀಸಿನಲ್ಲಿ ಕೂತು, ಕಳೆದುಹೋದ ಪಾರ್ಸಲ್ಲುಗಳ ಬಗ್ಗೆ ಜನರಿಂದ ಬೈಸಿಕೊಳ್ಳುತ್ತಿದ್ದ. ನಡು ವಯಸ್ಸಿನ ಬಾಗಿಲಲ್ಲಿ ಅದನ್ನು ಬಿಟ್ಟು ಡಿಜಿಟಲ್ ಫೊರೆನ್ಸಿಕ್ಸ್ ಎಂ.ಎಸ್ಸಿ.ಗೆ ಸೇರಿದ. ಕಂಪ್ಯೂಟರು, ಫೋನುಗಳಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬುದನ್ನು ಕೋರ್ಟು ಒಪ್ಪುವ ಹಾಗೆ ಹುಡುಕಿ ತೋರಿಸುವ ವಿದ್ಯೆ. ಮನೆಯವರಿಗೆ ಅದು ಅರ್ಥವಾದದ್ದೇ ಬೇರೆ. ಚಿಕ್ಕತ್ತೆ ತಾನು ಮರೆತ ಪಾಸ್‌ವರ್ಡನ್ನು ಹುಡುಕಿಕೊಡು ಎಂದಳು. ಷಡ್ಡಕ ಗುಟ್ಟಾಗಿ ಬಂದು, ಹೆಂಡತಿಗೆ ಸಿಗದ ಹಾಗೆ ಮೆಸೇಜು ಅಳಿಸುವುದು ಹೇಗೆಂದು ಕೇಳಿದ. ಮಾರನೆಯ ದಿನ ಷಡ್ಡಕನ ಹೆಂಡತಿ ಬಂದು, ಅಳಿಸಿದ ಮೆಸೇಜು ವಾಪಸು ತರುವುದು ಹೇಗೆಂದು ಕೇಳಿದಳು.

ಕಾಲೇಜಿನಲ್ಲಿ ಅವನಿಗೆ ಮೊದಲ ಸೆಮಿಸ್ಟರಿನಲ್ಲೇ ಒಂದು ಪೆಟ್ಟು ಬಿದ್ದಿತ್ತು. ಅಭ್ಯಾಸಕ್ಕೆಂದು ಕೊಟ್ಟ ಪ್ರಕರಣದ ವರದಿಯ ಕೊನೆಯಲ್ಲಿ 'ಈ ಕೃತ್ಯ ಎಸಗಿದವನು ಈತನೇ' ಎಂದು ಠೀವಿಯಿಂದ ಬರೆದಿದ್ದ. ಗೈಡ್ ಮೇಡಂ ಅವನನ್ನು ಎಬ್ಬಿಸಿ ನಿಲ್ಲಿಸಿ, ತರಗತಿಗೆಲ್ಲ ಕೇಳುವಂತೆ ಆ ಸಾಲನ್ನು ಓದಿಸಿದರು. "ನೀವು ಅಲ್ಲಿದ್ರಾ? ಕೀಬೋರ್ಡಿನ ಮೇಲೆ ಅವನ ಬೆರಳು ಕಂಡ್ರಾ? ಯಂತ್ರ ಏನು ಹೇಳುತ್ತೋ ಅಷ್ಟು ಬರೀರಿ. ನಿಮಗೆ ಅನ್ನಿಸಿದ್ದನ್ನ ಮನೇಲಿ ಇಟ್ಟು ಬನ್ನಿ" ಎಂದರು. ಅವನಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಅವನು ಹೊಸ ಚಪ್ಪಲಿ ಕೊಂಡವನು ಕೆಸರು ನೋಡಿಕೊಂಡು ನಡೆಯುವ ಹಾಗೆ ಮಾತಾಡತೊಡಗಿದ. ಊಟ ಹೇಗಿದೆ ಎಂದು ಹೆಂಡತಿ ಕೇಳಿದರೆ "ಇಲ್ಲಿವರೆಗೆ ತಿಂದಷ್ಟರಲ್ಲಿ ತೊಂದರೆ ಕಂಡಿಲ್ಲ" ಎನ್ನುತ್ತಿದ್ದ.

ಈ ನಡುವೆ ಅಂಗಡಿಯಲ್ಲಿ ಗಲಾಟೆ ಎದ್ದಿತು. ದೊಡ್ಡ ಹೋಟೆಲೊಂದರ ಕೋಣೆಗಳಿಗೆಲ್ಲ ಕಪಾಟು, ಮಂಚ ಮಾಡಿಕೊಡುವ ಕೆಲಸಕ್ಕೆ ಮಾವ ನಕ್ಷೆ ಬರೆಸಿದ್ದರು. ಅವರಿಗಿಂತ ಮೊದಲೇ ಎದುರಾಳಿ ಅಂಗಡಿಯವನು ಅದೇ ನಕ್ಷೆ, ಅದೇ ಅಳತೆ, ಅದೇ ಹಿಡಿಕೆ ತೋರಿಸಿ ಕೆಲಸ ಹೊಡೆದುಕೊಂಡ. ನಕ್ಷೆ ಬರೆದವಳು ನಕ್ಷೆಯಕ್ಕ. ಅಂಗಡಿ ಒಂದೇ ಬಾಗಿಲಿನದಾಗಿದ್ದ ಕಾಲದಿಂದ ಇದ್ದವಳು. ಕೈಯಲ್ಲಿ ಗೀಟೆಳೆದು ನಕ್ಷೆ ಮಾಡುತ್ತಿದ್ದವಳು, ಆಮೇಲೆ ತಾನೇ ಕಲಿತು ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು. ಬಡಗಿಗಳು ಮಾವನಿಗಿಂತ ಅವಳಿಗೆ ಹೆಚ್ಚು ಹೆದರುತ್ತಿದ್ದರು.

"ಬರೆದವಳು ಅವಳು. ಅಂದ್ಮೇಲೆ ಕೊಟ್ಟವಳೂ ಅವಳೇ" ಎಂದು ಮಾವ ತೀರ್ಮಾನಿಸಿದರು. ಆ ತರ್ಕದ ಪ್ರಕಾರ ಅಡುಗೆ ಮಾಡಿದವರೇ ಊಟ ಕದಿಯಬೇಕು. ಆದರೆ ಮಾವನ ಮುಂದೆ ಇದನ್ನು ಹೇಳುವವರಾರು?

ಹೇಳಿದವಳು ನಕ್ಷೆಯಕ್ಕನೇ. "ಯಜಮಾನ್ರೇ, ಅಳಿಯಂದ್ರು ಇದನ್ನೇ ಓದ್ತಿದಾರಲ್ಲ. ಅವರೇ ನೋಡ್ಲಿ. ಕಂಪ್ಯೂಟರೂ ನೋಡ್ಲಿ, ಇಗೋ ನನ್ನ ಫೋನೂ ನೋಡ್ಲಿ. ನನಗೇನು ಭಯ?" ಎಂದು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಕಳ್ಳಿ ಎಂಬ ಹೆಸರು ಹೊತ್ತು ಹೊರಬಿದ್ದರೆ ಮರದ ಕೆಲಸದ ಯಾವ ಅಂಗಡಿಯೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಆ ಸಂತೆಯಲ್ಲಿ ಎಲ್ಲರಿಗೂ ಎಲ್ಲರ ಸುದ್ದಿ ಗೊತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ: ವಿದ್ಯೆ ಬಲ್ಲವರೊಬ್ಬರು ತಾನು ಕೊಟ್ಟಿಲ್ಲ ಎಂದು ಎಲ್ಲರೆದುರು ಹೇಳಬೇಕು.

ಅಳಿಯನಿಗೆ ಒಳಗೊಳಗೇ ಹಿಗ್ಗು. ಪ್ರಾಜೆಕ್ಟಿಗೆ ಒಂದು ನಿಜವಾದ ಪ್ರಕರಣ ಮನೆಬಾಗಿಲಿಗೇ ಬಂದಿತ್ತು. ಅವಳ ಒಪ್ಪಿಗೆಯನ್ನು ಬರೆಸಿಕೊಂಡ. ಕೈಗೆ ಗ್ಲೌಸು ಹಾಕಿಕೊಂಡ. ಕಂಪ್ಯೂಟರಿನ ಡಿಸ್ಕು ಬಿಚ್ಚಿ, ಅದನ್ನು ಓದಲು ಮಾತ್ರ ಬಿಡುವ, ಅದರ ಮೇಲೆ ಬರೆಯಲು ಬಿಡದ ಪುಟ್ಟ ಡಬ್ಬಿಯೊಂದನ್ನು ಕಾಲೇಜಿನಿಂದ ತಂದು ನಡುವೆ ಸಿಕ್ಕಿಸಿ, ಮೂಲಕ್ಕೆ ಕೂದಲೆಳೆಯಷ್ಟೂ ಧಕ್ಕೆಯಾಗದಂತೆ ಪಡಿಯಚ್ಚು ತೆಗೆದ. ಅವಳ ಫೋನಿನದ್ದೂ ತೆಗೆದ. ಬಡಗಿಗಳು ಗಾಜಿಗೆ ಮೂಗೊತ್ತಿ ನೋಡಿದರು. ಹೆರಿಗೆ ಮಾಡಿಸುತ್ತಿದ್ದಾರೇನೋ ಎಂಬಂತಿತ್ತು ಅವರ ಮುಖ.

ಪಡಿಯಚ್ಚನ್ನು ತೆರೆದು ನೋಡಿದರೆ ತಲೆ ಚಚ್ಚಿಕೊಳ್ಳುವ ಹಾಗಿತ್ತು. ಸುದ್ದಿ ಬಂದ ದಿನವೇ ಮಾವ ಸ್ವತಃ ಕಂಪ್ಯೂಟರಿನ ಮುಂದೆ ಕೂತು, "ಪರೀಕ್ಷೆ ಮಾಡೋಣ" ಎಂದು ಒಂದೊಂದು ನಕ್ಷೆಯನ್ನೂ ತೆರೆದು, ಮುಚ್ಚಿ, ಮತ್ತೆ ಸೇವ್ ಮಾಡಿದ್ದರು. ಸಾಕ್ಷಿಗೆ ಇರಲಿ ಎಂದು ಎಲ್ಲವನ್ನೂ ತಮ್ಮ ಪೆನ್ ಡ್ರೈವಿಗೆ ತುಂಬಿಕೊಂಡಿದ್ದರು. ಅಷ್ಟು ಸಾಲದೆಂದು, ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ "ವೈರಸ್ಸು ಗಿರಸ್ಸು ಇದ್ರೆ ತೆಗಿ" ಎಂದಿದ್ದರು. ಅವನು ನಿಷ್ಠೆಯಿಂದ ಯಾವುದೋ ತೊಳೆಯುವ ಸಾಫ್ಟ್‌ವೇರು ಹಾಕಿ, ಹಿಂದೆ ಯಾವ ಪೆನ್ ಡ್ರೈವು ಬಂತು, ಯಾವುದು ಹೋಯಿತು, ಎಂಬ ಗುರುತನ್ನೆಲ್ಲ ಗುಡಿಸಿ ಹಾಕಿದ್ದ. ಸಾಲದ್ದಕ್ಕೆ ಅಂಗಡಿಗೆಲ್ಲ ಒಂದೇ ಪಾಸ್‌ವರ್ಡು, ಅದೂ ಪರದೆಯ ಹಣೆಯ ಮೇಲೆ ಅಂಟಿಸಿದ್ದು. ಉಳಿದಿದ್ದ ಗುರುತು ಒಂದೇ, ನಕ್ಷೆಗಳನ್ನು ಕೊನೆಗೆ ಸೇವ್ ಮಾಡಿದ ಹೊತ್ತು; ಅದು ತಮ್ಮದೆಂದು ಮಾವನೇ ಒಪ್ಪಿದ್ದರು. ನಕ್ಷೆಯಕ್ಕನ ಫೋನಿನಲ್ಲಿ ಏನೂ ಇರಲಿಲ್ಲ.

ಅಳಿಯ ಕಂಡದ್ದನ್ನು ಕಂಡ ಹಾಗೆ ಬರೆದ. ನಕ್ಷೆ ಯಾರ ಕೈಯಿಂದ ಹೊರಹೋಯಿತು ಎಂಬುದನ್ನು ಈ ಯಂತ್ರದಿಂದ ಹೇಳಲಾಗದು ಎಂದು ಮುಗಿಸಿದ. ಇವತ್ತು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿಗೆ ಅದನ್ನು ಓದಿ ಹೇಳಿದ್ದ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ವರದಿ ಎಂದರೇನೆಂದು ಬಲ್ಲವಳು.

"ಎಲ್ಲ ಸರಿ ಕಣ್ರೀ. ನಿಮ್ಮ ಮನಸ್ಸಿಗೆ ಏನನ್ಸುತ್ತೆ? ಅಕ್ಕ ಮಾಡಿದಾಳಾ?"

"ಮನಸ್ಸಿಗೆ ಅನ್ಸೋದು ವರದೀಲಿ ಬರಲ್ಲ."

"ವರದೀಲಿ ಬೇಡ. ಬಾಯಲ್ಲಿ ಬರ್ಲಿ."

"ನನ್ನ ಬಾಯಿಗೂ ಅದೇ ನಿಯಮ."

ಅವಳು ಒದ್ದೆ ಟವೆಲ್ಲನ್ನು ಅವನ ಮುಖಕ್ಕೆ ಸಿಡಿಯುವ ಹಾಗೆ ಕೊಡವಿದಳು. "ಹಾಗಿದ್ರೆ ಬಾಯಿಗೂ ಗ್ಲೌಸು ಹಾಕ್ಕೊಂಡು ಹೋಗಿ."

ಈಗ ಆ ಬಾಯಿ ಮಾವನ ಮುಂದೆ ಒಣಗುತ್ತಿತ್ತು.

"ಲೋ," ಎಂದರು ಮಾವ. ಬಂತು. "ಕೊನೇ ಸಲ ಫೈಲು ಮುಟ್ಟಿದ್ದು ಅಂಗಡಿ ಮಾಲೀಕರು ಅಂತ ಬರ್ದಿದೀಯಲ್ಲೋ! ನನ್ನ ಅಂಗಡೀನ ನಾನೇ ಕದ್ದೆ ಅಂತಲಾ?"

"ಕದ್ರಿ ಅಂತ ಬರ್ದಿಲ್ಲ ಮಾವ, ಮುಟ್ಟಿದ್ರಿ ಅಂತ ಬರ್ದಿದೀನಿ. ನೀವು ಮುಟ್ಟಬಾರದಿತ್ತು."

"ನನ್ನ ಕಂಪ್ಯೂಟರ್ ನಾನು ಮುಟ್ಟೋಕೆ ನಿನ್ನ ಕಾಲೇಜಿನ ಅಪ್ಪಣೆ ಬೇಕೇನೋ? ಕರೀರಿ ಆ ಮಹಾತಾಯೀನ! ಅವಳೆದುರೇ ಇತ್ಯರ್ಥ ಆಗ್ಲಿ."

ಕರೆಯುವ ಅಗತ್ಯವೇ ಇರಲಿಲ್ಲ. ನಕ್ಷೆಯಕ್ಕ ಬಾಗಿಲಲ್ಲೇ ನಿಂತಿದ್ದಳು. ಕನ್ನಡಕ ತಲೆಯ ಮೇಲೆ, ಮೊಣಕೈವರೆಗೆ ಮರದ ಪುಡಿ. ಮಾವನ ಕಡೆ ನೋಡಲೇ ಇಲ್ಲ. ನೇರವಾಗಿ ಅಳಿಯನ ಮುಂದೆ ಬಂದಳು.

"ಅಳಿಯಂದ್ರೇ, ಮುಗೀತಾ? ನಾನು ಕೊಟ್ಟಿಲ್ಲ ಅಂತ ಬರ್ದಿರಲ್ಲಾ?"

"ಕೊಟ್ಟಿದ್ದಕ್ಕೆ ಸಾಕ್ಷಿ ಸಿಕ್ಕಿಲ್ಲ ಅಂತ ಬರ್ದಿದೀನಿ, ಅಕ್ಕ."

ಅವಳ ಮುಖ ಅರಳಿತು. "ಅಷ್ಟೇ ಸಾಕು ಬಿಡಿ. ಎರಡೂ ಒಂದೇ."

ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಳಿಯನಿಗೆ ಬಿಡಲಾಗಲಿಲ್ಲ. "ಎರಡೂ ಒಂದೇ ಅಲ್ಲ ಅಕ್ಕ," ಎಂದ. "ಸ್ವಲ್ಪ ವ್ಯತ್ಯಾಸ ಇದೆ."

ಮಾವ ಚಂಗನೆ ಎದ್ದರು. ಇಡೀ ವರದಿಯಲ್ಲಿ ಅವರಿಗೆ ಅರ್ಥವಾದದ್ದು ಆ ವ್ಯತ್ಯಾಸ ಒಂದೇ. "ಅಂದ್ರೆ? ಕೊಟ್ಟಿಲ್ಲ ಅನ್ನೋದಕ್ಕೂ ಸಾಕ್ಷಿ ಇಲ್ಲ! ಹೌದೋ ಅಲ್ವೋ? ಈಗ ಹೇಳು!"

ನಕ್ಷೆಯಕ್ಕ ಕಾದಳು. ಅವನು ಮಾವನ ಮುಖ ನೋಡಿ "ಮಾವ, ಈ ಹೆಂಗಸು ಇಂಥ ಕೆಲಸ ಮಾಡೋಳಲ್ಲ" ಎನ್ನಬಹುದಿತ್ತು. ಅದನ್ನು ಹೇಳಲು ಯಾವ ಪದವಿಯೂ ಬೇಕಿರಲಿಲ್ಲ, ಆ ಅಂಗಡಿಯಲ್ಲಿ ಒಂದು ವಾರ ಕೂತಿದ್ದರೆ ಸಾಕಿತ್ತು. ಅವನಿಗೆ ಅದು ಗೊತ್ತೂ ಇತ್ತು. ಆದರೆ ತಾನೀಗ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದೇನೆ, ಜಗತ್ತೆಲ್ಲ ತನ್ನ ಒಂದು ತಪ್ಪು ಮಾತಿಗಾಗಿ ಕಾದಿದೆ ಎಂದು ಆ ಪುಣ್ಯಾತ್ಮನಿಗೆ ಅನ್ನಿಸಿತು.

"ಅದೂ ನಿಜ," ಎಂದ.

"ಏನು? ಈ ಮಿಷನ್ ಗಲಾಟೇಲಿ ಕೇಳಿಸ್ಲಿಲ್ಲ" ಎಂದಳು ನಕ್ಷೆಯಕ್ಕ. ನಿಜಕ್ಕೂ ಕೇಳಿಸಿರಲಿಲ್ಲವೋ, ಅವನಿಗೆ ಇನ್ನೊಂದು ಅವಕಾಶ ಕೊಟ್ಟಳೋ.

ಅವನು ಗಂಟಲು ಏರಿಸಿದ. "ಅದೂ ನಿಜ ಅಂದೆ! ನೀವು ಕೊಟ್ಟಿಲ್ಲ ಅನ್ನೋದಕ್ಕೂ ಸಾಕ್ಷಿ ಇಲ್ಲ!"

ಅಷ್ಟರಲ್ಲಿ ಆಚೆ ಹಲಗೆ ಬದಲಿಸಲು ಯಂತ್ರ ನಿಲ್ಲಿಸಿದ್ದರು. ಮಾತು ಅಂಗಡಿಯ ಮುಂಬಾಗಿಲವರೆಗೂ ಹೋಯಿತು. ಬಡಗಿಗಳು, ಪಾಲಿಷ್‌ನವನು, ಸೋಫಾ ನೋಡಲು ಬಂದಿದ್ದ ಗಂಡಹೆಂಡಿರು, ಎಲ್ಲರೂ ಗಾಜಿನ ಕಡೆ ತಿರುಗಿದರು.

"ನೋಡಿದ್ಯಾ!" ಎಂದು ಮಾವ ಮೇಜು ಕುಟ್ಟಿದರು. "ಓದಿದೋನೇ ಹೇಳ್ದ!"

ನಕ್ಷೆಯಕ್ಕ ಅಳಿಯನನ್ನು ತಲೆಯಿಂದ ಕಾಲವರೆಗೆ ನೋಡಿದಳು, ಸೀಳು ಬಿಟ್ಟ ಹಲಗೆಯನ್ನು ನೋಡುವ ಹಾಗೆ.

"ಇವರು ಬಿಡಿ. ಇವರ ಬಾಯಿ ನನಗೆ ಹೊಸದಲ್ಲ. ಮುಖಕ್ಕೆ ಉಗಿತಾರೆ, ಒರೆಸ್ಕೊಂಡು ನಾನೂ ನಾಲ್ಕು ಮಾತು ಅಂತೀನಿ. ನೀವು ಮಾತ್ರ ಗ್ಲೌಸು ಹಾಕ್ಕೊಂಡು ಬಂದು, ಅದೇ ಉಗುಳನ್ನ ನೀಟಾಗಿ ಸವರಿ ಹೋದ್ರಿ. ಇದಕ್ಕೆ ನಾನು ಯಾರ ಹತ್ರ ಜಗಳ ಆಡ್ಲಿ?"

"ಅಕ್ಕ, ವರದಿ ಅಂದ್ರೆ ಹಾಗಲ್ಲ. ವೈಜ್ಞಾನಿಕವಾಗಿ..."

"ನನ್ನ ಫೋನು ಕೊಡಿ."

ಅವನು ಫೋನನ್ನು ಮುದ್ರೆ ಒತ್ತಿದ ಲಕೋಟೆಯಲ್ಲಿ ಇಟ್ಟಿದ್ದ. ಬಿಚ್ಚುವ ಮೊದಲು ಅವಳ ಸಹಿ ಬೇಕಿತ್ತು. ಪೆನ್ನು ಚಾಚಿದ, ಆ ಹೊತ್ತಿನಲ್ಲೂ. ಅವಳು ಲಕೋಟೆ ಕಸಿದುಕೊಂಡು ಹಲ್ಲಿನಿಂದ ಹರಿದು, ಫೋನು ತೆಗೆದುಕೊಂಡು, ಖಾಲಿ ಲಕೋಟೆಯನ್ನು ಅವನ ಕೈಗೇ ಇಟ್ಟಳು.

"ಲೆಕ್ಕ ಮಾಡಿಸ್ಕೊಂಡು ಹೋಗು!" ಎಂದು ಕೂಗಿದರು ಮಾವ. ಗೆದ್ದವರ ಗಂಟಲಲ್ಲ ಅದು. ಹೋಟೆಲ್ಲಿನ ಕೆಲಸ ಕೈತಪ್ಪಿದರೂ ಬೇರೆ ನಾಲ್ಕು ಮನೆಗಳ ನಕ್ಷೆ ಅರ್ಧಕ್ಕೆ ನಿಂತಿದೆ ಎಂಬುದು ಅವರಿಗೆ ಈಗ ಹೊಳೆದಿತ್ತು.

ಅವಳು ಅಂಗಡಿಯ ನಡುವಿನಿಂದ ನಡೆದಳು. ಹಲಗೆ ಹಿಡಿದು ನಿಂತಿದ್ದ ದೊಡ್ಡ ಬಡಗಿ "ಅಕ್ಕಾ, ಈ ಬಾಗಿಲಿನ ಅಳತೆ..." ಎಂದ.

"ಒಳಗಿದಾರಲ್ಲ, ಕೇಳು. ಬಾಗಿಲು ಇದೆ ಅನ್ನೋದಕ್ಕೂ ಸಾಕ್ಷಿ ಇಲ್ಲ ಅಂತಾರೆ."

ಅಳಿಯ ವರದಿ ಹಿಡಿದುಕೊಂಡೇ ಹಿಂದೆ ಓಡಿದ. ಹೊಸ್ತಿಲಲ್ಲಿ ನಿಂತು, "ಅಕ್ಕಾ, ನನ್ನ ವೈಯಕ್ತಿಕ ಅಭಿಪ್ರಾಯ ಕೇಳೋದಾದ್ರೆ..." ಎಂದು ಶುರು ಮಾಡಿದ. ಅವಳು ಕೇಳಲಿಲ್ಲ. ಲಾರಿಯೊಂದು ಹಾದುಹೋಯಿತು. ಅದು ಹೋದಮೇಲೆ ನೋಡಿದರೆ ಅವಳು ರಸ್ತೆಯಾಚೆ, ತಿರುಗಿ ನೋಡದೆ, ಬಸ್ಸಿಗೂ ಕಾಯದೆ ನಡೆಯುತ್ತಿದ್ದಳು.

ಮಾರನೆಯ ದಿನ ಮಾವ ಮಧ್ಯಾಹ್ನದವರೆಗೆ ಬಾಗಿಲ ಕಡೆ ನೋಡುತ್ತ, ನೋಡುತ್ತಿಲ್ಲ ಎಂದು ತೋರಿಸಲು ಎಲ್ಲರಿಗೂ ಬೈದರು. ಆಮೇಲೆ ಡ್ರೈವರನ್ನು ಕಳಿಸಿದರು. ಅವನು ಒಬ್ಬನೇ ವಾಪಸು ಬಂದ. ಎರಡು ದಿನ ಬಿಟ್ಟು ಅತ್ತೆಯನ್ನು ಕಳಿಸಿದರು. ನಕ್ಷೆಯಕ್ಕ ಕುಡಿಯಲು ನೀರು ಕೊಟ್ಟಳಂತೆ, ಮಕ್ಕಳು ಮರಿ ಹೇಗಿದ್ದಾರೆಂದು ಕೇಳಿದಳಂತೆ, ಅಂಗಡಿಯ ಮಾತು ಬಂದಾಗ ಎದ್ದು ಬಾಗಿಲು ತೆಗೆದು ನಿಂತಳಂತೆ. ಆ ಅಂಗಡಿಯ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.